ಕರಿ ಹೌಸ್

ಕರಿ ಹೌಸ್ ಎಂಬುದು ಭಾರತ ಉಪಖಂಡದ ಅಡುಗೆಯನ್ನು ಬಡಿಸುವ ಒಂದು ಬಗೆಯ ರೆಸ್ಟೋರೆಂಟಿಗೆ ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಹೆಸರು. ಮಖಮಲ್ಲಿನಂತೆ ಉಬ್ಬಿದ ಕೆಂಪು ಗೋಡೆ ಕಾಗದ, ತಾಜ್ ಮಹಲಿನ ಚಿತ್ರ, ಮಂದವಾದ ದೀಪ, ಹಿನ್ನೆಲೆಯಲ್ಲಿ ಸಿತಾರ್ ವಾದನ, ಕಡುಗಿತ್ತಳೆ ಬಣ್ಣದ ತಂದೂರಿ ಕೋಳಿ ಹಾಗೂ ವಾರಾಂತ್ಯದ ರಾತ್ರಿಗಳ ಗದ್ದಲ ಇದರ ಸಾಮಾನ್ಯ ಗುರುತುಗಳು. ಫಲಕದ ಮೇಲೆ ‘ಇಂಡಿಯನ್ ರೆಸ್ಟೋರೆಂಟ್’ ಎಂದು ಬರೆದಿದ್ದರೂ ಇವುಗಳಲ್ಲಿ ಬಹುಪಾಲನ್ನು ಕಟ್ಟಿ ನಡೆಸಿದವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರದೇಶದಿಂದ ವಲಸೆ ಹೋದವರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನ ಬಹುತೇಕ ಎಲ್ಲ ಪಟ್ಟಣಗಳಿಗೂ ಹರಡಿದ ಈ ರೆಸ್ಟೋರೆಂಟುಗಳು ಆ ದೇಶದ ಸಾಮಾನ್ಯ ಜನರ ಕಣ್ಣಿನಲ್ಲಿ ‘ಭಾರತ’ ಎಂಬ ಚಿತ್ರವನ್ನು ರೂಪಿಸಿದವು. ಇಪ್ಪತ್ತೊಂದನೆಯ ಶತಮಾನದಲ್ಲಿ ಇವುಗಳ ಸಂಖ್ಯೆ ಹಲವೆಡೆ ಇಳಿಮುಖವಾಗಿದೆ.

ಹೆಸರು

ಇಂಗ್ಲಿಷಿನ ‘ಕರಿ’ ಎಂಬ ಪದಕ್ಕೆ ತಮಿಳಿನ ‘ಕರಿ’ ಮೂಲವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅನ್ನಕ್ಕೆ ಕಲಸಿಕೊಳ್ಳುವ ವ್ಯಂಜನ ಎಂಬುದು ಅದರ ಅರ್ಥ. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ನಿಘಂಟು ಪೋರ್ಚುಗೀಸರ ‘ಕರಿಲ್’ ಎಂಬ ರೂಪವನ್ನು ಕನ್ನಡದ ಜೊತೆ ಸಂಬಂಧಿಸುತ್ತದೆ. ಗೋವೆಯಲ್ಲಿ ಆ ರೂಪ ಉಳಿದುಬಂದಿದೆ. ಇಂದಿನ ಕನ್ನಡದಲ್ಲಿ ‘ಕರಿ’ ಎಂದರೆ ಕಪ್ಪು, ಆನೆ, ಇಲ್ಲವೇ ಎಣ್ಣೆಯಲ್ಲಿ ಕರಿಯುವ ಕ್ರಿಯೆ. ಸಾರು, ಹುಳಿ, ಗೊಜ್ಜು, ಸಾಗು, ಪಲ್ಯ ಎಂದು ಬೇರೆ ಬೇರೆಯಾಗಿ ಕರೆಯುವುದನ್ನೆಲ್ಲ ಒಂದೇ ಹೆಸರಿನಡಿ ತರುವ ಪದ ಕನ್ನಡಕ್ಕೆ ಬೇಕಾಗಿಯೇ ಇರಲಿಲ್ಲ. ಹಾಗೆ ಎಲ್ಲವನ್ನೂ ಒಂದಾಗಿ ಕಂಡದ್ದು ಹೊರಗಿನ ದೃಷ್ಟಿ. ಹ್ಯಾನಾ ಗ್ಲಾಸ್ 1747ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪಾಕಪುಸ್ತಕದಲ್ಲಿಯೇ ‘ಭಾರತೀಯ ರೀತಿಯ ಕರಿ’ ಮಾಡುವ ವಿಧಾನವಿದೆ.

ಆರಂಭದ ರೆಸ್ಟೋರೆಂಟುಗಳು

ಭಾರತೀಯನೊಬ್ಬ ಬ್ರಿಟನ್ನಿನಲ್ಲಿ ತೆರೆದ ಮೊದಲ ಭಾರತೀಯ ಭೋಜನಶಾಲೆ ಲಂಡನ್ನಿನ ‘ಹಿಂದೂಸ್ತಾನಿ ಕಾಫಿ ಹೌಸ್’. ಪಟ್ನಾದಲ್ಲಿ 1759ರಲ್ಲಿ ಹುಟ್ಟಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿದ್ದ ಶೇಖ್ ದೀನ್ ಮಹಮದ್ 1810ರಲ್ಲಿ ಪೋರ್ಟ್‌ಮನ್ ಸ್ಕ್ವೇರ್ ಬಳಿಯ ಜಾರ್ಜ್ ಬೀದಿಯಲ್ಲಿ ಇದನ್ನು ತೆರೆದನು. ಅದಕ್ಕೂ ಮುನ್ನ, 1794ರಲ್ಲಿ, ಆತನ ಪ್ರವಾಸಕಥನ ಪ್ರಕಟವಾಗಿತ್ತು. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. ಭಾರತದಿಂದ ಹಿಂದಿರುಗಿದ ಕಂಪನಿಯ ಅಧಿಕಾರಿಗಳು ಹೆಚ್ಚಾಗಿ ನೆಲೆಸಿದ್ದ ಬಡಾವಣೆ ಅದಾಗಿದ್ದರಿಂದ ಗಿರಾಕಿಗಳು ಯಾರೆಂಬುದು ಆತನಿಗೆ ಸ್ಪಷ್ಟವಿತ್ತು. ಬೆತ್ತ ಮತ್ತು ಬಿದಿರಿನ ಆಸನಗಳು, ಗೋಡೆಗಳ ಮೇಲೆ ಭಾರತದ ದೃಶ್ಯಗಳ ವರ್ಣಚಿತ್ರಗಳು, ಹುಕ್ಕಾ ಸೇದಲು ಪ್ರತ್ಯೇಕ ಕೋಣೆ ಅಲ್ಲಿದ್ದವು. ಊಟದಷ್ಟೇ ಊಟದ ಸುತ್ತಲಿನ ದೃಶ್ಯವನ್ನೂ ಮಾರಬೇಕು ಎಂಬ ತಿಳಿವಳಿಕೆ ಹೀಗೆ ಮೊದಲ ರೆಸ್ಟೋರೆಂಟಿನಲ್ಲಿಯೇ ಕಾಣಿಸಿಕೊಂಡಿತ್ತು. ಆದರೆ ಕಂಪನಿಯ ಸಾಹೇಬರಿಗೆ ಮನೆಯಲ್ಲಿಯೇ ಅಡುಗೆಯಾಳುಗಳಿದ್ದರು. 1812ರಲ್ಲಿ ದೀನ್ ಮಹಮದ್ ದಿವಾಳಿಯಾದನು. ಮುಂದೆ ಆತ ಬ್ರೈಟನ್ನಿನಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಉದ್ಯಮ ನಡೆಸಿ ಹೆಸರು ಮಾಡಿದನು. ಕಾಫಿ ಹೌಸ್ ಇದ್ದ ಬೀದಿಯಲ್ಲಿ 2005ರಲ್ಲಿ ಸ್ಮಾರಕ ಫಲಕವೊಂದನ್ನು ಅಳವಡಿಸಲಾಯಿತು.

ಇಂದಿಗೂ ನೆನಪಿನಲ್ಲಿರುವ ಮತ್ತೊಂದು ಹೆಸರು ಲಂಡನ್ನಿನ ರೀಜೆಂಟ್ ಬೀದಿಯ ‘ವೀರಸ್ವಾಮಿ’. 1926ರಲ್ಲಿ ಇದನ್ನು ಸ್ಥಾಪಿಸಿದ ಎಡ್ವರ್ಡ್ ಪಾಮರ್, ಕಂಪನಿಯ ಸೇನಾಧಿಕಾರಿ ವಿಲಿಯಂ ಪಾಮರ್ ಮತ್ತು ಆತನ ಭಾರತೀಯ ಪತ್ನಿಯ ವಂಶಸ್ಥ. ವೆಂಬ್ಲಿಯಲ್ಲಿ 1924 ಮತ್ತು 1925ರಲ್ಲಿ ನಡೆದ ಸಾಮ್ರಾಜ್ಯ ವಸ್ತುಪ್ರದರ್ಶನದ ಭಾರತೀಯ ಭೋಜನಶಾಲೆಯೊಂದಿಗೆ ಆತನಿಗೆ ಸಂಬಂಧವಿತ್ತು. ಬಾಗಿಲಲ್ಲಿ ಪೇಟ ತೊಟ್ಟ ದ್ವಾರಪಾಲಕ, ಒಳಗೆ ಅರಮನೆಯನ್ನು ನೆನಪಿಸುವ ಸಜ್ಜು ಇವು ವೀರಸ್ವಾಮಿಯ ಆಕರ್ಷಣೆಗಳಾಗಿದ್ದವು. ಮುಂದಿನ ದಶಕಗಳಲ್ಲಿ ಸಣ್ಣ ಊರುಗಳ ಕರಿ ಹೌಸುಗಳು ಅಗ್ಗದ ಸಾಮಗ್ರಿಯಲ್ಲಿ ಕಟ್ಟಲು ಯತ್ನಿಸಿದ್ದು ಇದೇ ಮಹಾರಾಜರ ಭಾರತವನ್ನು.

ಸಿಲ್ಹೆಟ್ಟಿನ ನಾವಿಕರು

ಕರಿ ಹೌಸಿನ ನಿಜವಾದ ಬೇರು ಅರಮನೆಯಲ್ಲಿಲ್ಲ, ಹಡಗಿನ ಬೆಂಕಿ ಕೋಣೆಯಲ್ಲಿದೆ. ಕಲ್ಕತ್ತಾ ಬಂದರಿನಿಂದ ಹೊರಡುತ್ತಿದ್ದ ಬ್ರಿಟಿಷ್ ಉಗಿಹಡಗುಗಳಲ್ಲಿ ಒಲೆಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸಿಲ್ಹೆಟ್ಟಿನ ಗ್ರಾಮೀಣ ಯುವಕರು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಿದ್ದರು. ‘ಲಸ್ಕರ್’ ಎಂದು ಕರೆಯಲಾಗುತ್ತಿದ್ದ ಈ ನಾವಿಕರಿಗೆ ಬಿಳಿಯ ನಾವಿಕರಿಗಿಂತ ಬಹಳ ಕಡಿಮೆ ವೇತನವಿತ್ತು. ಲಂಡನ್ ತಲುಪಿದಾಗ ಕೆಲವರು ಹಡಗನ್ನು ತೊರೆದು ನಗರದ ಪೂರ್ವ ಭಾಗದಲ್ಲಿ ತಲೆಮರೆಸಿಕೊಳ್ಳುತ್ತಿದ್ದರು. ಅವರಿಗೆ ಸುಲಭವಾಗಿ ಸಿಗುತ್ತಿದ್ದ ಕೆಲಸಗಳೆಂದರೆ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು. ಹಡಗಿನಲ್ಲಿಯೂ ಇತರರ ಅಡುಗೆಮನೆಗಳಲ್ಲಿಯೂ ಕಲಿತ ಅಡುಗೆಯೇ ಅವರ ಮುಂದಿನ ಬಂಡವಾಳವಾಯಿತು.

ಎರಡನೆಯ ಮಹಾಯುದ್ಧದ ನಂತರ, ಬಾಂಬ್ ದಾಳಿಯಿಂದ ಹಾಳಾದ ಕಾಫಿ ಅಂಗಡಿಗಳನ್ನೂ ಕರಿದ ಮೀನು ಮತ್ತು ಆಲೂಗಡ್ಡೆ ಮಾರುತ್ತಿದ್ದ ಅಂಗಡಿಗಳನ್ನೂ ಇವರು ಕಡಿಮೆ ಬೆಲೆಗೆ ಕೊಂಡರು. ಮೊದಮೊದಲು ಹಳೆಯ ತಿನಿಸುಗಳನ್ನೇ ಮಾರುತ್ತ, ಪಕ್ಕದಲ್ಲಿ ಅನ್ನ ಮತ್ತು ಕರಿಯನ್ನೂ ಇಟ್ಟರು. ಪಬ್ಬುಗಳು ರಾತ್ರಿ ಹನ್ನೊಂದರ ಸುಮಾರಿಗೆ ಮುಚ್ಚುತ್ತಿದ್ದ ಕಾಲ ಅದು. ಆ ಹೊತ್ತಿನ ನಂತರವೂ ಬಾಗಿಲು ತೆರೆದಿಡುತ್ತಿದ್ದವರು ಇವರೇ ಆದ್ದರಿಂದ, ಬಿಯರ್ ಕುಡಿದು ಹಸಿದವರು ಅಲ್ಲಿಗೆ ಬಂದರು. ಕುಡಿತದ ನಂತರ ಕರಿ ತಿನ್ನುವ ಬ್ರಿಟಿಷ್ ರೂಢಿ ಬೆಳೆದದ್ದು ಹೀಗೆ. 1962ರ ಕಾಮನ್‌ವೆಲ್ತ್ ವಲಸಿಗರ ಕಾಯಿದೆಯ ಸುತ್ತಮುತ್ತಲಿನ ವರ್ಷಗಳಲ್ಲಿ, ಬಾಗಿಲು ಮುಚ್ಚುವ ಮುನ್ನವೇ ತಮ್ಮ ಸಹೋದರರನ್ನೂ ಮಕ್ಕಳನ್ನೂ ಕರೆಸಿಕೊಂಡವರು ಅನೇಕರು. ಒಬ್ಬನ ಹೋಟೆಲಿನಲ್ಲಿ ಮಾಣಿಯಾಗಿ ಸೇರಿದ ಬಂಧು ಕೆಲವು ವರ್ಷಗಳಲ್ಲಿ ಬೇರೆ ಊರಿನಲ್ಲಿ ತನ್ನದೇ ಹೋಟೆಲು ತೆರೆಯುತ್ತಿದ್ದನು. ಕರಾವಳಿಯ ಉಡುಪಿ ಹೋಟೆಲುಗಳು ಮುಂಬಯಿ, ಮದ್ರಾಸುಗಳಿಗೆ ಹರಡಿದ ಕ್ರಮವನ್ನು ಬಲ್ಲ ಕನ್ನಡ ಓದುಗರಿಗೆ ಈ ಬಗೆಯ ವಿಸ್ತರಣೆ ಅಪರಿಚಿತವಲ್ಲ.

ಅಲಂಕಾರ

ಕರಿ ಹೌಸಿನ ಹೆಸರುಗಳಲ್ಲಿಯೇ ಅಲಂಕಾರ ಆರಂಭವಾಗುತ್ತದೆ: ತಾಜ್ ಮಹಲ್, ಕೊಹಿನೂರ್, ಸ್ಟಾರ್ ಆಫ್ ಇಂಡಿಯಾ. ಸಿಲ್ಹೆಟ್ಟಿನ ಹೆಸರನ್ನು ಬ್ರಿಟಿಷ್ ಗಿರಾಕಿ ಕೇಳಿರಲಿಲ್ಲ. ತಾಜ್ ಮಹಲನ್ನು ಎಲ್ಲರೂ ಕೇಳಿದ್ದರು. ಬಾಂಗ್ಲಾದೇಶ 1971ರಲ್ಲಿ ಸ್ವತಂತ್ರವಾದ ಮೇಲೂ ಫಲಕಗಳ ಮೇಲೆ ‘ಇಂಡಿಯನ್’ ಎಂಬ ಪದವೇ ಉಳಿದದ್ದು ಈ ಕಾರಣಕ್ಕಾಗಿ.

ಒಳಗಿನ ಸಜ್ಜಿನಲ್ಲಿ ಅತಿ ಹೆಚ್ಚು ನೆನಪಿನಲ್ಲಿರುವುದು ‘ಫ್ಲಾಕ್’ ಗೋಡೆ ಕಾಗದ. ಅಂಟು ಸವರಿದ ವಿನ್ಯಾಸದ ಮೇಲೆ ಉಣ್ಣೆಯ ಅಥವಾ ಬೇರೆ ನಾರಿನ ಸಣ್ಣ ಪುಡಿಯನ್ನು ಉದುರಿಸಿ, ಮುಟ್ಟಿದರೆ ಮಖಮಲ್ಲಿನಂತೆ ಅನ್ನಿಸುವ ಹಾಗೆ ಇದನ್ನು ತಯಾರಿಸುತ್ತಾರೆ. ಕರಿ ಹೌಸುಗಳಲ್ಲಿ ಕೆಂಪು, ಕಡುಗೆಂಪು ಮತ್ತು ಬಂಗಾರದ ಬಣ್ಣಗಳು ಸಾಮಾನ್ಯವಾಗಿದ್ದವು. ವಿಚಿತ್ರವೆಂದರೆ ಈ ಕಾಗದಕ್ಕೂ ಭಾರತಕ್ಕೂ ಸಂಬಂಧವೇ ಇಲ್ಲ. ಅದು ಹದಿನೆಂಟನೆಯ ಶತಮಾನದ ಇಂಗ್ಲಿಷ್ ಶ್ರೀಮಂತರ ಬಂಗಲೆಗಳನ್ನು ಅಲಂಕರಿಸಿದ್ದ ದುಬಾರಿ ಕಾಗದ. ಬಳಿಕ ಪಬ್ಬುಗಳಿಗೆ ಬಂದು, ಅಲ್ಲಿಂದ ಕರಿ ಹೌಸಿಗೆ ಬಂದಿತು. ಇಂಗ್ಲೆಂಡಿನಲ್ಲಿ ವೈಭವದ ಗುರುತಾಗಿದ್ದುದನ್ನು ವಲಸಿಗ ಮಾಲೀಕರು ವೈಭವಕ್ಕಾಗಿಯೇ ಆರಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಇಂಗ್ಲಿಷರೇ ಅದನ್ನು ಭಾರತೀಯ ಅಭಿರುಚಿ ಎಂದು ಭಾವಿಸಿ ನಗತೊಡಗಿದರು.

ಕಮಾನಿನಾಕಾರದ ಮರದ ಅಡ್ಡಗೋಡೆಗಳು, ಹಿತ್ತಾಳೆಯ ಆನೆ ಮತ್ತು ಹೂಜಿಗಳು, ರಾಧಾಕೃಷ್ಣರ ಅಥವಾ ಮೊಗಲ್ ದರಬಾರಿನ ಚಿತ್ರಗಳು, ಬಣ್ಣ ಬಣ್ಣದ ದೀಪಗಳು ಉಳಿದ ಸಾಮಗ್ರಿಗಳು. ಮಾಲೀಕರು ಮುಸ್ಲಿಮರಾಗಿದ್ದರೂ ಗೋಡೆಯ ಮೇಲೆ ಹಿಂದೂ ದೇವತೆಗಳ ಚಿತ್ರವಿರುವುದು ಅಸಹಜವೆನಿಸುತ್ತಿರಲಿಲ್ಲ, ಏಕೆಂದರೆ ಆ ಗೋಡೆ ಗಿರಾಕಿಗಾಗಿ ಇದ್ದದ್ದು. ಬಣ್ಣದ ಆಸೆ ತಟ್ಟೆಗೂ ಇಳಿಯಿತು. ಬಿಳಿ ಅನ್ನದ ನಡುವೆ ಕೆಂಪು, ಹಳದಿ, ಹಸಿರು ಅಗುಳುಗಳನ್ನು ಬೆರೆಸಿದ ಪುಲಾವ್ ಕರಿ ಹೌಸಿನ ವಿಶಿಷ್ಟ ದೃಶ್ಯ. ತಂದೂರಿ ಕೋಳಿಗೆ ಕೃತಕ ಬಣ್ಣ ಬಳಿಯುವುದು ಬಹುಕಾಲ ರೂಢಿಯಲ್ಲಿತ್ತು.

ಊಟದ ಕ್ರಮ

ಕರ್ನಾಟಕದ ಊಟದಲ್ಲಿ ಬದಿಗಿರುವ ಹಪ್ಪಳ ಕರಿ ಹೌಸಿನಲ್ಲಿ ಮೊದಲಿಗೆ ಬರುತ್ತದೆ. ಕುಳಿತ ಕೂಡಲೇ ಹಪ್ಪಳದ ಅಟ್ಟಿಯೊಂದನ್ನೂ ಅದರ ಜೊತೆ ಸಿಹಿ ಮಾವಿನ ಚಟ್ನಿ, ನಿಂಬೆ ಉಪ್ಪಿನಕಾಯಿ, ಹೆಚ್ಚಿದ ಈರುಳ್ಳಿ, ಪುದೀನ ಬೆರೆಸಿದ ಮೊಸರನ್ನೂ ತಂದಿಡುತ್ತಾರೆ. ಅನಂತರ ‘ಆನಿಯನ್ ಭಾಜಿ’: ಹೆಸರು ಬಜ್ಜಿಯನ್ನು ನೆನಪಿಸಿದರೂ ಇದು ಉಂಡೆಯಾಗಿ ಕರಿದ ಈರುಳ್ಳಿ ಪಕೋಡ. ಮುಖ್ಯ ಊಟಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಖಾದ್ಯವನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಕೊನೆಯಲ್ಲಿ ಬಿಸಿ ಒದ್ದೆ ಕೈವಸ್ತ್ರ, ಬಿಲ್ಲಿನೊಡನೆ ಪುದೀನ ಸವಿಯ ಚಾಕೊಲೇಟ್.

ಖಾದ್ಯಪಟ್ಟಿ ಒಂದು ರೀತಿಯ ಖಾರದ ಏಣಿ. ತೀರ ಸಪ್ಪೆಯಾದದ್ದು ಕೆನೆ ಬೆರೆಸಿದ ಕುರ್ಮಾ. ಅದರ ಮೇಲೆ ಮದ್ರಾಸ್, ಇನ್ನೂ ಮೇಲೆ ವಿಂದಾಲೂ, ತುತ್ತತುದಿಯಲ್ಲಿ ‘ಫಾಲ್’. ಮದ್ರಾಸ್ ಎಂಬ ಖಾದ್ಯ ಮದ್ರಾಸಿನಲ್ಲಿಲ್ಲ. ವಿಂದಾಲೂ ಪೋರ್ಚುಗೀಸರ ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯ ಮಾಂಸದ ಅಡುಗೆಯಿಂದ ಗೋವೆಯಲ್ಲಿ ರೂಪುಗೊಂಡದ್ದು. ಅದರ ಹುಳಿ ಬ್ರಿಟನ್ನಿನಲ್ಲಿ ಹಿಂದಾಗಿ ಖಾರವಷ್ಟೇ ಮುಂದಾಯಿತು. ಫಾಲ್ ಅನ್ನು ಕೆಲವು ಪಟ್ಟಿಗಳಲ್ಲಿ ‘ಬ್ಯಾಂಗಲೋರ್ ಫಾಲ್’ ಎಂದು ಬರೆಯುವುದುಂಟು. ಬೆಂಗಳೂರಿನಲ್ಲಿ ಆ ಹೆಸರಿನ ಅಡುಗೆಯನ್ನು ಹುಡುಕಿದವರಿಗೆ ಅದು ಸಿಗಲಾರದು.

ಇಷ್ಟು ಬಗೆಯ ಖಾದ್ಯಗಳನ್ನು ಕೆಲವೇ ನಿಮಿಷಗಳಲ್ಲಿ ಕೊಡಲು ಸಾಧ್ಯವಾಗುವುದು ‘ಮೂಲ ಗ್ರೇವಿ’ಯಿಂದ. ಬಹಳಷ್ಟು ಈರುಳ್ಳಿಯನ್ನು ಬೆಳ್ಳುಳ್ಳಿ, ಶುಂಠಿ, ಟೊಮೇಟೊ ಮತ್ತು ಅರಿಶಿನದೊಡನೆ ಗಂಟೆಗಟ್ಟಲೆ ಬೇಯಿಸಿ, ನುಣ್ಣಗೆ ಅರೆದು ದೊಡ್ಡ ಪಾತ್ರೆಯಲ್ಲಿ ಇಟ್ಟಿರುತ್ತಾರೆ. ಮಾಂಸವನ್ನು ಮುಂಚಿತವಾಗಿ ಬೇಯಿಸಿಟ್ಟಿರುತ್ತಾರೆ. ಗಿರಾಕಿ ಹೇಳಿದ ಮೇಲೆ ಬಾಣಲೆಯಲ್ಲಿ ಮಸಾಲೆಯನ್ನು ಹುರಿದು, ಗ್ರೇವಿಯನ್ನೂ ಮಾಂಸವನ್ನೂ ಸೇರಿಸಿ, ಕುರ್ಮಾ ಆದರೆ ಕೆನೆ ಮತ್ತು ತೆಂಗು, ಮದ್ರಾಸ್ ಆದರೆ ಮೆಣಸಿನ ಪುಡಿ ಬೆರೆಸಿದರೆ ಆಯಿತು. ಇದನ್ನು ಕಡಿಮೆ ದರ್ಜೆಯ ಅಡುಗೆ ಎಂದು ಜರೆದವರಿದ್ದಾರೆ. ಇಬ್ಬರು ಬಾಣಸಿಗರು ಸಣ್ಣ ಅಡುಗೆಮನೆಯಲ್ಲಿ ಶನಿವಾರ ರಾತ್ರಿಯ ಜಂಗುಳಿಯನ್ನು ನಿಭಾಯಿಸಲು ಕಂಡುಕೊಂಡ ಉಪಾಯವಾಗಿ ಅದನ್ನು ನೋಡುವುದು ಹೆಚ್ಚು ನ್ಯಾಯವಾದೀತು.

ಕೆಲಸ ಮುಗಿದ ಮೇಲೆ ಸಿಬ್ಬಂದಿ ಉಣ್ಣುತ್ತಿದ್ದ ಊಟ ಬೇರೆಯೇ ಆಗಿತ್ತು: ಅನ್ನ, ಮೀನಿನ ಸಾರು, ಒಣಮೀನಿನ ‘ಶುಟ್ಕಿ’, ಸಿಲ್ಹೆಟ್ಟಿನ ‘ಶಾತ್ಕರಾ’ ಎಂಬ ಹುಳಿಹಣ್ಣು ಹಾಕಿದ ಮಾಂಸ. ದಶಕಗಳ ಕಾಲ ಈ ಅಡುಗೆ ಖಾದ್ಯಪಟ್ಟಿಯಲ್ಲಿ ಕಾಣಿಸಿಕೊಂಡದ್ದು ವಿರಳ.

ಚಿಕನ್ ಟಿಕ್ಕಾ ಮಸಾಲಾ ಕರಿ ಹೌಸಿನ ಅತಿ ಪ್ರಸಿದ್ಧ ಖಾದ್ಯ. 1960ರ ದಶಕದಲ್ಲಿ ತಂದೂರ್ ಒಲೆಗಳು ಲಂಡನ್ನಿನಲ್ಲಿ ಬಳಕೆಗೆ ಬಂದ ಮೇಲೆ, ಒಣಗಿದ ಕೋಳಿಯ ತುಂಡುಗಳಿಗೆ ಟೊಮೇಟೊ ಮತ್ತು ಕೆನೆಯ ಗೊಜ್ಜು ಸೇರಿ ಇದು ಹುಟ್ಟಿತು ಎನ್ನಲಾಗುತ್ತದೆ. ಗ್ಲಾಸ್ಗೊದ ಶೀಶ್ ಮಹಲ್ ರೆಸ್ಟೋರೆಂಟಿನ ಅಲಿ ಅಹಮದ್ ಅಸ್ಲಂ ಇದನ್ನು ಮೊದಲು ಮಾಡಿದವರೆಂಬ ವಾದ ಪ್ರಸಿದ್ಧವಾದರೂ ನಿರ್ವಿವಾದವಲ್ಲ. ವಿದೇಶಾಂಗ ಸಚಿವ ರಾಬಿನ್ ಕುಕ್ ಏಪ್ರಿಲ್ 2001ರ ಭಾಷಣದಲ್ಲಿ ಈ ಖಾದ್ಯವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದು ಬಣ್ಣಿಸಿ, ಹೊರಗಿನದನ್ನು ತನ್ನದಾಗಿಸಿಕೊಳ್ಳುವ ಬ್ರಿಟಿಷ್ ಗುಣಕ್ಕೆ ಉದಾಹರಣೆಯಾಗಿ ನೀಡಿದರು.

ಕರಿಯೊಡನೆ ಕುಡಿಯುವ ಬಿಯರಿಗೆ ಕರ್ನಾಟಕದ ನಂಟಿದೆ. ಹೊಟ್ಟೆಯುಬ್ಬರ ತಾರದ, ಗಾಳಿಗುಳ್ಳೆ ಕಡಿಮೆಯಿರುವ ಬಿಯರ್ ಬೇಕೆಂದು ಹೈದರಾಬಾದಿನಲ್ಲಿ ಹುಟ್ಟಿದ ಕರಣ್ ಬಿಲಿಮೋರಿಯಾ 1989ರಲ್ಲಿ ಆರಂಭಿಸಿದ ಉದ್ಯಮದ ಫಲವಾದ ‘ಕೋಬ್ರಾ’, ಮೊದಲ ವರ್ಷಗಳಲ್ಲಿ ತಯಾರಾದದ್ದು ಬೆಂಗಳೂರಿನ ಮೈಸೂರ್ ಬ್ರೂವರೀಸ್‌ನಲ್ಲಿ.

ಗಿರಾಕಿಗಳು ಮತ್ತು ಮಾಣಿಗಳು

ಕರಿ ಹೌಸಿನ ಗದ್ದಲಕ್ಕೆ ಎರಡು ಮುಖಗಳಿವೆ. ಹುಟ್ಟುಹಬ್ಬ, ಪರೀಕ್ಷೆಯ ಮುಕ್ತಾಯ, ಫುಟ್‌ಬಾಲ್ ಗೆಲುವುಗಳನ್ನು ಆಚರಿಸುವ ತಾಣವಾಗಿ ಅದು ಅನೇಕ ಬ್ರಿಟಿಷರ ನೆನಪಿನಲ್ಲಿ ಉಳಿದಿದೆ. ಅತಿ ಖಾರದ ವಿಂದಾಲೂ ತಿಂದು ತೋರಿಸುವುದು ಯುವಕರ ಪಂದ್ಯವಾಗಿತ್ತು. ಅದೇ ಮೇಜುಗಳಲ್ಲಿ ಕುಡಿದವರು ಮಾಣಿಗಳ ಉಚ್ಚಾರಣೆಯನ್ನು ಅಣಕಿಸುವುದು, ಜನಾಂಗೀಯವಾಗಿ ನಿಂದಿಸುವುದು, ಹಣ ಕೊಡದೆ ಓಡುವುದು ಕೂಡ ನಡೆಯುತ್ತಿತ್ತು. ಬೆಳಗಿನ ಜಾವದವರೆಗೆ ಈ ಅವಮಾನವನ್ನು ನುಂಗಿ ಬಡಿಸಿದವರ ದುಡಿಮೆಯ ಮೇಲೆ ಈ ಉದ್ಯಮ ನಿಂತಿತು. ಹೊರಗಿನ ಬೀದಿಯೂ ಸುರಕ್ಷಿತವಾಗಿರಲಿಲ್ಲ. ಬ್ರಿಕ್ ಲೇನ್ ಸಮೀಪ 4 ಮೇ 1978ರಂದು ಅಲ್ತಾಬ್ ಅಲಿ ಎಂಬ ಬಂಗಾಳಿ ಜವಳಿ ಕಾರ್ಮಿಕನ ಕೊಲೆಯಾಯಿತು. ಅದರ ವಿರುದ್ಧ ಸಾವಿರಾರು ಜನ ಮೆರವಣಿಗೆ ನಡೆಸಿದರು. ಆತ ಬಿದ್ದ ಸ್ಥಳದ ಉದ್ಯಾನಕ್ಕೆ ಈಗ ಆತನ ಹೆಸರಿದೆ.

ಬಿಬಿಸಿಯ ‘ಗುಡ್‌ನೆಸ್ ಗ್ರೇಷಿಯಸ್ ಮಿ’ ಹಾಸ್ಯ ಸರಣಿ 1998ರಲ್ಲಿ ಈ ಸಂಬಂಧವನ್ನು ತಲೆಕೆಳಗು ಮಾಡಿತು. ಅದರ ಒಂದು ಪ್ರಹಸನದಲ್ಲಿ ಭಾರತೀಯ ಗೆಳೆಯರ ಗುಂಪೊಂದು ಕುಡಿದು ಇಂಗ್ಲಿಷ್ ರೆಸ್ಟೋರೆಂಟಿಗೆ ಹೋಗಿ, ಬಿಳಿಯ ಮಾಣಿಯ ಹೆಸರನ್ನು ತಪ್ಪಾಗಿ ಕರೆದು, ಪಟ್ಟಿಯಲ್ಲಿರುವ ಅತ್ಯಂತ ಸಪ್ಪೆ ಖಾದ್ಯ ಯಾವುದೆಂದು ಕೇಳುತ್ತದೆ. ಬ್ರಿಟಿಷ್ ದೂರದರ್ಶನದ ಜನಪ್ರಿಯ ಪ್ರಹಸನಗಳಲ್ಲಿ ಇದು ಒಂದೆಂದು ಹೆಸರಾಯಿತು.

ಬೇರೆ ನಗರಗಳು

ಬರ್ಮಿಂಗ್‌ಹ್ಯಾಮಿನಲ್ಲಿ 1970ರ ದಶಕದಲ್ಲಿ ಪಾಕಿಸ್ತಾನಿ ಮತ್ತು ಕಾಶ್ಮೀರಿ ಮೂಲದವರು ‘ಬಾಲ್ಟಿ’ ಶೈಲಿಯನ್ನು ರೂಪಿಸಿದರು. ತೆಳುವಾದ ಉಕ್ಕಿನ ಬಾಣಲೆಯಲ್ಲಿ ಜೋರು ಉರಿಯ ಮೇಲೆ ಬೇಯಿಸಿ, ಅದೇ ಬಾಣಲೆಯಲ್ಲಿ ಮೇಜಿಗೆ ತಂದಿಡುವುದು ಇದರ ವಿಶೇಷ. ನಾನ್ ರೊಟ್ಟಿಯಿಂದ ಅದ್ದಿ ತಿನ್ನುತ್ತಾರೆ. ಹಿಂದಿಯ ‘ಬಾಲ್ಟಿ’ಯೂ ಕರಾವಳಿ ಕನ್ನಡದ ‘ಬಾಲ್ದಿ’ಯೂ ಒಂದೇ ಪೋರ್ಚುಗೀಸ್ ಮೂಲದವು, ಅರ್ಥ ಮಾತ್ರ ನೀರಿನ ಬಕೆಟ್ಟು. ಮೇಜಿನ ಗಾಜಿನ ಕೆಳಗೆ ಖಾದ್ಯಪಟ್ಟಿಯನ್ನು ಇರಿಸಿದ, ಹೆಚ್ಚಿನ ಅಲಂಕಾರವಿಲ್ಲದ ಈ ಹೋಟೆಲುಗಳು ಮಖಮಲ್ಲಿನ ಗೋಡೆಯ ಸಂಪ್ರದಾಯದಿಂದ ದೂರವಿದ್ದವು. ಮ್ಯಾಂಚೆಸ್ಟರಿನ ವಿಲ್ಮ್‌ಸ್ಲೊ ರಸ್ತೆಯ ‘ಕರಿ ಮೈಲ್’ ನಿಯಾನ್ ದೀಪಗಳ ಸಾಲಿಗೆ ಹೆಸರಾಯಿತು. ಇದಿ ಅಮೀನ್ 1972ರಲ್ಲಿ ಉಗಾಂಡದಿಂದ ಹೊರಹಾಕಿದ ಏಷ್ಯನ್ನರಲ್ಲಿ ಅನೇಕರು ನೆಲೆಸಿದ ಲೆಸ್ಟರಿನಲ್ಲಿ ಗುಜರಾತಿ ಸಸ್ಯಾಹಾರ ಬೇರೂರಿತು.

ದಕ್ಷಿಣ ಭಾರತದ ಅಡುಗೆ

ದೋಸೆ, ಇಡ್ಲಿಗಳು ಕರಿ ಹೌಸಿನ ಪಟ್ಟಿಯಿಂದ ಬಹುಕಾಲ ಹೊರಗಿದ್ದವು. ಅವು ಸಿಗುತ್ತಿದ್ದ ಹಳೆಯ ತಾಣಗಳಲ್ಲಿ ಲಂಡನ್ನಿನ ಸ್ಟ್ರಾಂಡ್ ಬೀದಿಯ ‘ಇಂಡಿಯಾ ಕ್ಲಬ್’ ಪ್ರಮುಖ. ಸ್ವತಂತ್ರ ಭಾರತದ ಮೊದಲ ಹೈಕಮಿಷನರ್ ವಿ. ಕೆ. ಕೃಷ್ಣ ಮೆನನ್ ಅವರ ಇಂಡಿಯಾ ಲೀಗ್‌ನೊಂದಿಗೆ ಸಂಬಂಧವಿದ್ದ ಈ ಸಂಸ್ಥೆ 1951ರಲ್ಲಿ ಆರಂಭವಾಯಿತು. ಮೆಟ್ಟಿಲು ಹತ್ತಿ ಹೋಗಬೇಕಾದ ಸರಳ ಕೋಣೆ, ಹಳೆಯ ಕುರ್ಚಿ ಮೇಜುಗಳು, ಗೋಡೆಯ ಮೇಲೆ ನಾಯಕರ ಭಾವಚಿತ್ರಗಳು, ಮಸಾಲೆ ದೋಸೆ. ಕರ್ನಾಟಕದ ಹಳೆಯ ಹೋಟೆಲುಗಳನ್ನು ಬಲ್ಲವರಿಗೆ ಇದು ಮನೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. 17 ಸೆಪ್ಟೆಂಬರ್ 2023ರಂದು ಇದು ಮುಚ್ಚಿತು. ಕೇರಳದ ದಾಸ್ ಶ್ರೀಧರನ್ 1994ರಲ್ಲಿ ಸ್ಟೋಕ್ ನ್ಯೂಯಿಂಗ್ಟನ್‌ನಲ್ಲಿ ಆರಂಭಿಸಿದ ‘ರಸ’ ಇದಕ್ಕೆ ವಿರುದ್ಧವಾಗಿ ಹೊಳೆಯುವ ಗುಲಾಬಿ ಬಣ್ಣದ ಹೊರಗೋಡೆಯಿಂದಲೇ ಜನರನ್ನು ಸೆಳೆಯಿತು. ಬೆಂಗಳೂರಿನ ‘ಕರಾವಳಿ’ ರೆಸ್ಟೋರೆಂಟಿನಲ್ಲಿ ಹೆಸರು ಮಾಡಿದ ಶ್ರೀರಾಮ್ ಅಯ್ಲೂರ್ ಅವರ ‘ಕ್ವಿಲಾನ್’ ಪಶ್ಚಿಮ ಕರಾವಳಿಯ ಅಡುಗೆಗೆ 2008ರಲ್ಲಿ ಮಿಶೆಲಿನ್ ತಾರೆಯನ್ನು ಗಳಿಸಿತು.

ಹೊಸ ರುಚಿ, ಹೊಸ ಅಲಂಕಾರ

ಮಧುರ್ ಜಾಫ್ರಿ ಅವರ ಬಿಬಿಸಿ ಅಡುಗೆ ಸರಣಿ ಪ್ರಸಾರವಾದ 1982ರಲ್ಲಿಯೇ ತಾಜ್ ಸಮೂಹದ ‘ಬಾಂಬೆ ಬ್ರಾಸರಿ’ ಲಂಡನ್ನಿನಲ್ಲಿ ತೆರೆಯಿತು. ಭಾರತದ ಪ್ರಾದೇಶಿಕ ಅಡುಗೆಗಳು ಬೇರೆ ಬೇರೆ ಎಂಬ ಅರಿವು ಗಿರಾಕಿಗಳಲ್ಲಿ ಮೂಡತೊಡಗಿತು. 2001ರಲ್ಲಿ ‘ಟ್ಯಾಮರಿಂಡ್’ ಮತ್ತು ‘ಜಾಯ್ಕಾ’ ಮಿಶೆಲಿನ್ ತಾರೆ ಪಡೆದ ಮೊದಲ ಭಾರತೀಯ ರೆಸ್ಟೋರೆಂಟುಗಳಾದವು. 2010ರಲ್ಲಿ ಆರಂಭವಾದ ‘ದಿಶೂಮ್’ ಮುಂಬಯಿಯ ಇರಾನಿ ಕೆಫೆಗಳ ಕಪ್ಪು ಬಿಳುಪಿನ ನೆಲಹಾಸು, ಬಾಗಿದ ಮರದ ಕುರ್ಚಿ, ಹಳೆಯ ಜಾಹೀರಾತುಗಳನ್ನು ಮರುಸೃಷ್ಟಿಸಿತು. ತಾಜ್ ಮಹಲಿನ ಚಿತ್ರ ಹಳತೆನಿಸಿತು. ಹಾಗೆಂದು ಗೋಡೆಯ ಮೇಲೆ ಭಾರತವನ್ನು ಕಟ್ಟುವ ಕೆಲಸ ನಿಲ್ಲಲಿಲ್ಲ. ಬದಲಾದದ್ದು ಬಂಡವಾಳ ಮತ್ತು ಬೆಲೆ. ‘ಅಸಲಿ’ ಎಂಬ ಮಾತು ಮೆಚ್ಚುಗೆಯಾಗಿ ಬಳಕೆಗೆ ಬಂದಾಗ, ಅದರ ಎದುರಿಗೆ ‘ನಕಲಿ’ ಎನಿಸಿಕೊಂಡದ್ದು ಸಿಲ್ಹೆಟ್ಟಿನವರ ಅರ್ಧ ಶತಮಾನದ ಅಡುಗೆ.

ಇಳಿಮುಖ

ಬಾಣಸಿಗರ ಕೊರತೆ ಕರಿ ಹೌಸುಗಳ ಬಹುದೊಡ್ಡ ತೊಂದರೆ. ಐರೋಪ್ಯ ಒಕ್ಕೂಟದ ಹೊರಗಿನವರಿಗೆ ವೀಸಾ ನಿಯಮಗಳು ಬಿಗಿಯಾದ ಮೇಲೆ ಬಾಂಗ್ಲಾದೇಶದಿಂದ ಬಾಣಸಿಗರನ್ನು ಕರೆಸುವುದು ಕಷ್ಟವಾಯಿತು. ಕೊರತೆಯಿರುವ ಉದ್ಯೋಗಗಳ ಸರ್ಕಾರಿ ಪಟ್ಟಿಯಲ್ಲಿ ನುರಿತ ಬಾಣಸಿಗರಿದ್ದರೂ, ಪಾರ್ಸೆಲ್ ಸೇವೆ ನೀಡುವ ಹೋಟೆಲುಗಳಿಗೆ ಕೆಲವು ವರ್ಷ ಅದರ ಅನುಕೂಲ ಸಿಗಲಿಲ್ಲ; ಕರಿ ಹೌಸುಗಳಲ್ಲಿ ಪಾರ್ಸೆಲ್ ಇಲ್ಲದವು ಅಪರೂಪ. 2016ರ ಬ್ರೆಕ್ಸಿಟ್ ಪ್ರಚಾರದಲ್ಲಿ ಸಚಿವೆ ಪ್ರೀತಿ ಪಟೇಲ್, ಒಕ್ಕೂಟವನ್ನು ತೊರೆದರೆ ಕರಿ ಹೌಸುಗಳಿಗೆ ಅನುಕೂಲವಾಗುವುದೆಂದು ವಾದಿಸಿದರು. ಅದನ್ನು ನಂಬಿದ ಹಲವು ಮಾಲೀಕರು ಅನಂತರ ನಿರಾಶೆಗೊಂಡರು.

ಮತ್ತೊಂದು ಕಾರಣ ಮನೆಯೊಳಗಿನದು. ರಾತ್ರಿಯೆಲ್ಲ ಒಲೆಯ ಮುಂದೆ ನಿಂತವರು ತಮ್ಮ ಮಕ್ಕಳನ್ನು ಓದಿಸಿದ್ದೇ ಅವರು ಆ ಒಲೆಯ ಮುಂದೆ ನಿಲ್ಲಬಾರದೆಂದು. ಓದಿ ಬೇರೆ ಉದ್ಯೋಗ ಹಿಡಿದ ಮಕ್ಕಳು ಹೋಟೆಲಿಗೆ ಹಿಂದಿರುಗದಿದ್ದಾಗ, ನಡೆಸುವವರಿಲ್ಲದೆ ಅಂಗಡಿಗಳು ಮಾರಾಟವಾದವು.

ಬ್ರಿಕ್ ಲೇನಿನಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಆ ಬೀದಿಯ ಮೂಲೆಯಲ್ಲಿ 1743ರಲ್ಲಿ ಫ್ರೆಂಚ್ ಪ್ರೊಟೆಸ್ಟೆಂಟ್ ನಿರಾಶ್ರಿತರು ಕಟ್ಟಿದ ಪ್ರಾರ್ಥನಾಲಯ ಮುಂದೆ ಯೆಹೂದಿಗಳ ಸಿನಗಾಗ್ ಆಗಿ, 1976ರಲ್ಲಿ ಬಂಗಾಳಿ ಮುಸ್ಲಿಮರ ಮಸೀದಿಯಾಯಿತು. ಅದರ ಸುತ್ತಲಿನ ಪ್ರದೇಶಕ್ಕೆ ‘ಬಾಂಗ್ಲಾಟೌನ್’ ಎಂಬ ಹೆಸರೂ ಬಂದಿತು. ರನ್ನಿಮೀಡ್ ಟ್ರಸ್ಟ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2000ದ ದಶಕದ ನಡುವಿನಲ್ಲಿ ಈ ಬೀದಿಯಲ್ಲಿ 60 ಕರಿ ಹೌಸುಗಳಿದ್ದವು. 2020ರ ಆರಂಭಕ್ಕೆ ಉಳಿದವು 23. ಏರಿದ ಬಾಡಿಗೆ ಇದಕ್ಕೆ ಒಂದು ಕಾರಣ. ಖಾಲಿಯಾದ ಮಳಿಗೆಗಳಿಗೆ ಕಾಫಿ ಅಂಗಡಿಗಳೂ ಹಳೆಯ ಬಟ್ಟೆಗಳ ಅಂಗಡಿಗಳೂ ಬಂದಿವೆ.